ಮನೆ, ನಿವೇಶನಗಳ ವ್ಯವಹಾರಕ್ಕೆ ಏಜೆಂಟರನ್ನು ಆರಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಮನೆ ಕೊಳ್ಳಲೆಂದು ಓಡಾಡುತ್ತಿದ್ದಾಗ ಏಜೆಂಟರೊಬ್ಬರು ಕಾರು ಓಡಿಸುತ್ತಲೇ ದನಿ ತಗ್ಗಿಸಿ, ‘ಓನರ್‌ಗೆ ಹಣದ ತುರ್ತು ಇದೆ ಸಾರ್, ಇನ್ನೂ ಇಳೀತಾರೆ, ನೀವು ಸ್ವಲ್ಪ ಬಿಗಿಯಾಗಿ ಕೂತ್ಕೊಳ್ಳಿ’ ಎಂದರು. ನನಗೆ ಸಂತೋಷವಾಯಿತು. ಇವರು ನಮ್ಮ ಕಡೆಯವರು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ನಾನಿದ್ದ ಬಾಡಿಗೆ ಮನೆಯನ್ನು ಮುಂದಿನ ತಿಂಗಳೊಳಗೆ ಬಿಟ್ಟುಕೊಡಬೇಕಾಗಿರುವ ಸಂಗತಿಯನ್ನು ಅವರಿಗೆ ಹೇಳಿಬಿಟ್ಟೆ. ಎರಡು ವಾರಗಳ ನಂತರ ಬೆಲೆಯ ಮಾತುಕತೆಗೆ ಕುಳಿತಾಗ ಮಾಲೀಕರು ಬಿಡಿಗಾಸನ್ನೂ ಇಳಿಸಲಿಲ್ಲ. ಮಾತಿನ ನಡುವೆ ನಗುತ್ತಾ, ‘ನಿಮಗೂ ಮುಂದಿನ ತಿಂಗಳು ಮನೆ ಬೇಕಲ್ಲ’ ಎಂದರು. ಅವರ ಗುಟ್ಟನ್ನು ನನಗೆ ಮುಟ್ಟಿಸಿದವರು ನನ್ನ ಗುಟ್ಟನ್ನು ಅವರಿಗೆ ಮುಟ್ಟಿಸುವುದಿಲ್ಲವೆಂದು ನಾನು ಯಾವ ಆಧಾರದ ಮೇಲೆ ನಂಬಿದ್ದೆನೋ ನನಗೇ ತಿಳಿಯದು.

ಏಜೆಂಟರನ್ನು ಆರಿಸುವಾಗ ಬಹುತೇಕ ಜನರು ಅವರ ಅನುಭವವನ್ನು, ಮಾತುಗಾರಿಕೆಯನ್ನು, ಕಚೇರಿಯ ಅಂದಚೆಂದವನ್ನು ನೋಡುತ್ತಾರೆ. ಇವುಗಳಿಗೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇವೆಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಈ ವ್ಯಕ್ತಿಗೆ ಹಣ ಎಲ್ಲಿಂದ, ಯಾವಾಗ, ಯಾವ ಕೆಲಸಕ್ಕೆ ಬರುತ್ತದೆ ಎಂಬುದು. ನಿಮ್ಮ ಹಿತವೂ ಏಜೆಂಟರ ಹಿತವೂ ಬಹಳ ದೂರ ಜೊತೆಯಾಗಿ ಸಾಗುತ್ತವೆ, ಆಮೇಲೆ ಒಂದು ಕಡೆ ಬೇರೆಯಾಗುತ್ತವೆ. ಆ ಜಾಗ ಎಲ್ಲಿದೆ ಎಂದು ಮೊದಲೇ ಕಂಡುಕೊಂಡವರಿಗೆ ಒಳ್ಳೆಯ ಏಜೆಂಟರನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ.

ಯಾರ ಕಡೆಯವರು?

ಸ್ಥಿರಾಸ್ತಿಯ ವ್ಯವಹಾರದಲ್ಲಿ ಏಜೆಂಟರು ಮೂರು ಬಗೆಯಲ್ಲಿ ಕೆಲಸ ಮಾಡುತ್ತಾರೆ. ಕೆಲವರು ಮಾರುವವರ ಪ್ರತಿನಿಧಿಗಳು, ಕೆಲವರು ಕೊಳ್ಳುವವರ ಪ್ರತಿನಿಧಿಗಳು, ಇನ್ನು ಕೆಲವರು ಯಾರ ಪ್ರತಿನಿಧಿಯೂ ಆಗದೆ ಇಬ್ಬರನ್ನೂ ಒಂದೆಡೆ ಕೂಡಿಸಿ ಎರಡೂ ಕಡೆಯಿಂದ ಕಮಿಷನ್ ಪಡೆಯುವ ಮಧ್ಯವರ್ತಿಗಳು. ಹೆಚ್ಚು ಬೆಲೆ ತರಿಸುತ್ತೇನೆಂದು ಒಬ್ಬರಿಗೂ ಕಡಿಮೆ ಬೆಲೆಗೆ ಕೊಡಿಸುತ್ತೇನೆಂದು ಇನ್ನೊಬ್ಬರಿಗೂ ಮಾತು ಕೊಟ್ಟು ಎರಡನ್ನೂ ನಡೆಸಿಕೊಡುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ, ಒಂದೇ ವ್ಯವಹಾರದಲ್ಲಿ ಒಬ್ಬರೇ ಎರಡೂ ಕಡೆಯವರನ್ನು ಪ್ರತಿನಿಧಿಸುವುದನ್ನು ಸಿಂಗಪುರ ಕಾನೂನಿನ ಮೂಲಕ ನಿಷೇಧಿಸಿದೆ. ಅಮೆರಿಕದ ಫ್ಲಾರಿಡಾ, ಕೊಲರಾಡೊ ರಾಜ್ಯಗಳಲ್ಲಿಯೂ ಅದಕ್ಕೆ ಅವಕಾಶವಿಲ್ಲ. ಇಬ್ಬರ ಒಪ್ಪಿಗೆಯನ್ನು ಬರಹದಲ್ಲಿ ಪಡೆದರೆ ಸಾಕು ಎನ್ನುವ ಕಡೆಗಳೂ ಇವೆ, ಯಾವ ಕಟ್ಟುಪಾಡೂ ಇಲ್ಲದೆ ಅದೇ ಮಾಮೂಲಿನ ಪದ್ಧತಿಯಾಗಿರುವ ಕಡೆಗಳೂ ಇವೆ.

ಆದ್ದರಿಂದ ಮೊದಲ ಭೇಟಿಯಲ್ಲಿಯೇ, ಸಂಕೋಚಪಡದೆ, ‘ಈ ಆಸ್ತಿಯ ವಿಷಯದಲ್ಲಿ ನಿಮಗೆ ಯಾರು ಯಾರಿಂದ ಎಷ್ಟು ಹಣ ಬರುತ್ತದೆ?’ ಎಂದು ಕೇಳಿಬಿಡಬೇಕು. ಉತ್ತರ ಏನೆಂಬುದಕ್ಕಿಂತ ಅದು ಹೇಗೆ ಬರುತ್ತದೆ ಎಂಬುದನ್ನು ಗಮನಿಸಿ. ‘ಎರಡೂ ಕಡೆಯಿಂದ ಶೇಕಡಾ ಇಷ್ಟಿಷ್ಟು’ ಎಂದು ನೇರವಾಗಿ ಹೇಳುವವರು ಪ್ರಾಮಾಣಿಕರಾಗಿರಬಹುದು. ‘ಅದೆಲ್ಲಾ ಆಮೇಲೆ ನೋಡೋಣ, ಮೊದಲು ಮನೆ ಮೆಚ್ಚಿಗೆಯಾಗಲಿ’ ಎಂದು ಮಾತು ಹಾರಿಸುವವರು ಆಮೇಲೆಯೂ ಹಾರಿಸುತ್ತಾರೆ. ಎರಡೂ ಕಡೆಗೆ ಕೆಲಸ ಮಾಡುವವರೊಂದಿಗೆ ವ್ಯವಹರಿಸುವುದು ಅನಿವಾರ್ಯವಾದಾಗ ಒಂದು ನಿಯಮವನ್ನು ಇಟ್ಟುಕೊಂಡರೆ ಸಾಕು: ಎದುರು ಪಕ್ಷದವರ ಮುಂದೆ ನೀವಾಗಿಯೇ ಹೇಳಲು ಹಿಂಜರಿಯುವ ಯಾವ ಮಾತನ್ನೂ, ಅಂದರೆ ನಿಮ್ಮ ಗರಿಷ್ಠ ಬಜೆಟ್, ನಿಮ್ಮ ಅವಸರ, ನಿಮ್ಮ ಮನೆಯೊಳಗಿನ ತಾಪತ್ರಯ ಇವುಗಳನ್ನು, ಅವರ ಮುಂದೆಯೂ ಹೇಳಬಾರದು. ಅಮೆರಿಕದಲ್ಲಿ ಏಜೆಂಟರ ರಾಷ್ಟ್ರೀಯ ಸಂಘವು ಕಮಿಷನ್ ಕುರಿತ ದೊಡ್ಡ ಮೊಕದ್ದಮೆಯೊಂದರಲ್ಲಿ ರಾಜಿ ಮಾಡಿಕೊಂಡ ಬಳಿಕ, 2024ರ ಆಗಸ್ಟ್‌ನಿಂದ, ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ಏಜೆಂಟರು ತಮ್ಮ ಶುಲ್ಕವನ್ನು ಬರಹದ ಕರಾರಿನಲ್ಲಿ ನಮೂದಿಸಬೇಕೆಂಬ ನಿಯಮ ಬಂದಿದೆ. ಅಂಥ ನಿಯಮವಿಲ್ಲದ ಕಡೆಯಲ್ಲಿ ಅದನ್ನು ನಾವೇ ಕೇಳಿ ಪಡೆಯಬೇಕಾಗುತ್ತದೆ.

ಕಮಿಷನ್ನಿನ ಲೆಕ್ಕ

ಒಂದು ಕೋಟಿಗೆ ಮಾರಾಟವಾಗಬಹುದಾದ ಮನೆಯೊಂದಕ್ಕೆ ಶೇ. 2ರ ಕಮಿಷನ್ ಗೊತ್ತುಮಾಡಿದ್ದೀರಿ ಎಂದಿಟ್ಟುಕೊಳ್ಳಿ. ಪೂರ್ಣ ಬೆಲೆ ಬಂದರೆ ಏಜೆಂಟರಿಗೆ 2 ಲಕ್ಷ ಸಿಗುತ್ತದೆ. ಯಾರೋ 95 ಲಕ್ಷಕ್ಕೆ ಕೇಳುತ್ತಾರೆ, ಇನ್ನೊಂದು ತಿಂಗಳು ಕಾದರೆ ಪೂರ್ಣ ಬೆಲೆ ಬರುವ ಸಂಭವವಿದೆ. ಈಗಲೇ ಒಪ್ಪಿಕೊಂಡರೆ ಕಮಿಷನ್ ಕಳೆದು ನಿಮಗೆ ನಷ್ಟವಾಗುವುದು 4 ಲಕ್ಷ 90 ಸಾವಿರ. ಏಜೆಂಟರಿಗೆ ನಷ್ಟವಾಗುವುದು ಹತ್ತು ಸಾವಿರ ಮಾತ್ರ. ಆ ಹತ್ತು ಸಾವಿರಕ್ಕಾಗಿ ಇನ್ನೊಂದು ತಿಂಗಳು ಜಾಹೀರಾತು ಕೊಟ್ಟು, ಇನ್ನೂ ಇಪ್ಪತ್ತು ಜನರಿಗೆ ಬೀಗ ತೆಗೆದು ತೋರಿಸುವುದಕ್ಕಿಂತ, ‘ಬಂದ ಪಾರ್ಟಿಯನ್ನು ಬಿಡಬೇಡಿ ಸಾರ್’ ಎಂದು ನಿಮ್ಮನ್ನು ಒಪ್ಪಿಸುವುದು ಅವರಿಗೆ ಲಾಭದಾಯಕ. ಇದು ಮೋಸವಲ್ಲ; ಲೆಕ್ಕ ಹಾಗಿದೆ.

ಈ ಲೆಕ್ಕ ಬರಿಯ ತರ್ಕವೂ ಅಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಷಿಕಾಗೊ ಸುತ್ತಮುತ್ತಲಿನ ಒಂದು ಲಕ್ಷಕ್ಕೆ ಹತ್ತಿರದಷ್ಟು ಮನೆಗಳ ಮಾರಾಟದ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರುವಾಗ, ಅಂಥವೇ ಆದ ಗ್ರಾಹಕರ ಮನೆಗಳಿಗಿಂತ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಿದ್ದರು ಮತ್ತು ಸುಮಾರು ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಕಾಯುವುದರ ಬೆಲೆ ಏನೆಂಬುದು ಅವರಿಗೆ ಚೆನ್ನಾಗಿ ತಿಳಿದಿದೆ, ಅದನ್ನು ಅನ್ವಯಿಸುವುದು ಸ್ವಂತ ಮನೆಯ ವಿಷಯದಲ್ಲಿ ಎಂದಷ್ಟೇ ಇದರಿಂದ ತಿಳಿಯುತ್ತದೆ.

ಇದಕ್ಕೆ ಪರಿಹಾರವೆಂದು ಅನೇಕರು ಕಮಿಷನ್ನನ್ನು ಆದಷ್ಟು ಹಿಂಡಲು ಹೋಗುತ್ತಾರೆ. ಅದರಿಂದ ನಿಮ್ಮ ಹಿತಕ್ಕೂ ಅವರ ಹಿತಕ್ಕೂ ನಡುವಿನ ಅಂತರ ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. (‘ತನ್ನ ಕಮಿಷನ್ನನ್ನೇ ಉಳಿಸಿಕೊಳ್ಳಲಾರದವನು ನಿಮ್ಮ ಬೆಲೆಯನ್ನು ಹೇಗೆ ಉಳಿಸುತ್ತಾನೆ’ ಎಂಬ ಮಾತನ್ನು ಹೆಚ್ಚಾಗಿ ಆಡುವವರು ಏಜೆಂಟರೇ ಆದ್ದರಿಂದ ಅದನ್ನೂ ಪೂರ್ತಿ ನಂಬಬೇಕಾಗಿಲ್ಲ.) ನನಗೆ ಸರಿ ಕಾಣುವುದು ಮೆಟ್ಟಿಲಿನ ರೀತಿಯ ಕಮಿಷನ್. ಮೇಲಿನ ಉದಾಹರಣೆಯಲ್ಲಿಯೇ, 95 ಲಕ್ಷದವರೆಗೆ ಶೇ. 1.5, ಅದರ ಮೇಲೆ ಬಂದ ಮೊತ್ತಕ್ಕೆ ಶೇ. 10 ಎಂದು ಒಪ್ಪಂದವಾದರೆ, ಪೂರ್ಣ ಬೆಲೆ ಬಂದಾಗ ಏಜೆಂಟರಿಗೆ 1 ಲಕ್ಷ 92 ಸಾವಿರದ 500 ಸಿಗುತ್ತದೆ. ಅಂದರೆ ಮೊದಲಿನಷ್ಟೇ ಎನ್ನಬಹುದು. ಆದರೆ ಕೊನೆಯ ಐದು ಲಕ್ಷದ ಚೌಕಾಸಿಯಲ್ಲಿ ಈಗ ಅವರ 50 ಸಾವಿರ ಪಣಕ್ಕಿದೆ. ಇಂಥ ಪ್ರಸ್ತಾಪವನ್ನು ಮುಂದಿಟ್ಟಾಗ ಕುಳಿತು ಲೆಕ್ಕ ಹಾಕುವ ಏಜೆಂಟರು ತಮ್ಮ ಕೆಲಸದ ಮೇಲೆ ಭರವಸೆಯಿರುವವರು. ಮೆಟ್ಟಿಲಿನ ತಳವನ್ನು ಮಾತ್ರ ಬೇರೆ ಇಬ್ಬರಿಂದ ಬೆಲೆ ಅಂದಾಜು ಪಡೆದ ಮೇಲೆಯೇ ಗೊತ್ತುಮಾಡಬೇಕು, ಇಲ್ಲವಾದರೆ ಅದು ಅನುಮಾನಾಸ್ಪದವಾಗಿ ಕೆಳಗೆ ಇಳಿದಿರುತ್ತದೆ. ‘ನಿಮಗೆ ಕೈಗೆ ಎಷ್ಟು ಬೇಕು ಹೇಳಿ, ಅದರ ಮೇಲೆ ಬಂದದ್ದು ನಮಗಿರಲಿ’ ಎನ್ನುವ ವ್ಯವಸ್ಥೆಗೆ ಎಂದೂ ಒಪ್ಪಬೇಡಿ. ಅದರಲ್ಲಿ ನಿಮ್ಮ ಆಸ್ತಿಯ ನಿಜವಾದ ಬೆಲೆಯನ್ನು ನಿಮ್ಮಿಂದ ಮರೆಮಾಡುವುದೇ ಏಜೆಂಟರ ಆದಾಯವಾಗುತ್ತದೆ. ಅಮೆರಿಕದ ಹಲವು ರಾಜ್ಯಗಳು ಇದನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ.

ಹುಡುಕುವಾಗ

ಕನಿಷ್ಠ ಮೂವರನ್ನು ಭೇಟಿಯಾಗದೆ ಯಾರಿಗೂ ಮಾತು ಕೊಡಬಾರದು. ಪರಿಚಯದವರು ಹೇಳಿದ ಹೆಸರುಗಳಿಂದ ಆರಂಭಿಸುವುದು ಒಳ್ಳೆಯದು, ಆದರೆ ಹೇಳಿದವರು ಸ್ವತಃ ಆ ಏಜೆಂಟರ ಮೂಲಕ ಕೊಂಡಿದ್ದಾರೆಯೇ ಅಥವಾ ಮಾರಿದ್ದಾರೆಯೇ, ಎಷ್ಟು ವರ್ಷದ ಹಿಂದೆ, ಯಾವ ಬಗೆಯ ಆಸ್ತಿ ಎಂದು ವಿಚಾರಿಸಬೇಕು. ಬಾಡಿಗೆ ಮನೆ ಚೆನ್ನಾಗಿ ಕೊಡಿಸಿದವರು ನಿವೇಶನದ ವ್ಯವಹಾರದಲ್ಲಿಯೂ ಪಳಗಿದವರಾಗಿರಬೇಕೆಂದಿಲ್ಲ; ಹೊಸ ಅಪಾರ್ಟ್‌ಮೆಂಟ್‌ಗಳನ್ನು ಬಿಲ್ಡರ್ ಪರವಾಗಿ ಮಾರುವವರಿಗೆ ಹಳೆಯ ಮನೆಯ ಮರುಮಾರಾಟದ ಸೂಕ್ಷ್ಮಗಳು ತಿಳಿಯದಿರಬಹುದು. ಇನ್ನು ಸಂಬಂಧಿಕರೇ ಏಜೆಂಟರಾಗಿದ್ದರೆ, ಅವರನ್ನು ನೇಮಿಸಿಕೊಳ್ಳುವುದು ಸುಲಭ, ಬಿಡಿಸುವುದು ಕಷ್ಟ. ನಮ್ಮ ಮನೆಯಲ್ಲಿ ಅಂಥ ಒಂದು ಪ್ರಯೋಗದ ನಂತರ ಎರಡು ಕುಟುಂಬಗಳು ಮದುವೆಮನೆಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿವೆ.

ನೋಂದಣಿಯನ್ನು ಪರಿಶೀಲಿಸುವುದು ಐದು ನಿಮಿಷದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಭಾರತದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯಿದೆಯ 9ನೇ ಸೆಕ್ಷನ್ ಪ್ರಕಾರ, ನೋಂದಾಯಿತ ಯೋಜನೆಗಳಲ್ಲಿನ ಮನೆ ಅಥವಾ ನಿವೇಶನವನ್ನು ಮಾರಿಸುವ ಏಜೆಂಟರು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಾಯಿಸಿಕೊಂಡಿರಬೇಕು ಮತ್ತು ತಾವು ನಡೆಸಿಕೊಡುವ ಪ್ರತಿಯೊಂದು ಮಾರಾಟದಲ್ಲಿಯೂ ಆ ಸಂಖ್ಯೆಯನ್ನು ನಮೂದಿಸಬೇಕು. ಸಿಂಗಪುರದಲ್ಲಿ 2010ರಲ್ಲಿ ಸ್ಥಾಪನೆಯಾದ ಏಜೆನ್ಸಿಗಳ ಮಂಡಳಿಯ ಸಾರ್ವಜನಿಕ ಪಟ್ಟಿಯಲ್ಲಿ ಏಜೆಂಟರ ಫೋನ್ ಸಂಖ್ಯೆಯನ್ನು ಹಾಕಿಯೇ ಅವರು ಅಸಲಿಯೇ ಎಂದು ನೋಡಬಹುದು. ಬ್ರಿಟನ್ನಿನಲ್ಲಿ ಪರವಾನಗಿಯ ಪದ್ಧತಿ ಇಲ್ಲ, ಬದಲಿಗೆ ಏಜೆಂಟರು ದೂರು ಪರಿಹಾರ ಯೋಜನೆಯೊಂದರ ಸದಸ್ಯರಾಗಿರುವುದು ಕಡ್ಡಾಯ. ನಿಮ್ಮ ಕಡೆ ಯಾವ ನಿಯಮವಿದೆಯೋ ಅದರಂತೆ ಹೆಸರು, ಸಂಖ್ಯೆ ಮತ್ತು ಅವಧಿ ಮೂರನ್ನೂ ಸರ್ಕಾರದ ಜಾಲತಾಣದಲ್ಲಿಯೇ ನೋಡಿ. ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆ ಯಾವುದಕ್ಕೂ ಸಾಕ್ಷಿಯಲ್ಲ. ನೋಂದಣಿ ಇದ್ದ ಮಾತ್ರಕ್ಕೆ ಏಜೆಂಟರು ಒಳ್ಳೆಯವರೆಂದು ಆಗುವುದಿಲ್ಲ. ದೂರು ಕೊಡಬೇಕಾಗಿ ಬಂದಾಗ ಯಾರಿಗೆ ಕೊಡಬೇಕೆಂಬುದು ಅದರಿಂದ ತಿಳಿಯುತ್ತದೆ, ಅಷ್ಟೆ.

ಆಸ್ತಿ ಮಾರಬೇಕಾದವರಿಗೆ ನಾನು ಯಾವಾಗಲೂ ಹೇಳುವ ಉಪಾಯವೊಂದಿದೆ. ಏಜೆಂಟರನ್ನು ಮಾರುವವರಾಗಿ ಭೇಟಿಯಾಗುವ ಮೊದಲು, ಅವರು ಆಗಲೇ ಜಾಹೀರಾತು ಕೊಟ್ಟಿರುವ ಬೇರೆ ಯಾವುದಾದರೂ ಮನೆಯನ್ನು ಕೊಳ್ಳುವವರಂತೆ ಫೋನ್ ಮಾಡಿ ವಿಚಾರಿಸಿ. ಎಷ್ಟು ಹೊತ್ತಿಗೆ ಉತ್ತರಿಸಿದರು? ಮನೆಯ ಬಗ್ಗೆ ವಿವರವಾಗಿ ಹೇಳಿದರೇ, ಅಥವಾ ‘ಅದು ಹೋಯಿತು, ಬೇರೆ ಇದೆ ತೋರಿಸುತ್ತೇನೆ’ ಎಂದರೇ? ನೀವು ಕೇಳದೆಯೇ ‘ಓನರ್ ಇನ್ನೂ ಇಳಿಸುತ್ತಾರೆ’ ಎಂದು ಬಾಯಿಬಿಟ್ಟರೇ? ನಾಳೆ ನಿಮ್ಮ ಮನೆಯನ್ನು ಕೇಳಿಕೊಂಡು ಬರುವವರಿಗೂ ಸಿಗುವುದು ಇದೇ ಉತ್ತರ. ಹಾಗೆಯೇ ಅವರ ಹಳೆಯ ಜಾಹೀರಾತುಗಳ ಫೋಟೊಗಳನ್ನು ನೋಡಿ. ಕತ್ತಲ ಕೋಣೆಯನ್ನು, ಕಮೋಡಿನ ಮುಚ್ಚಳ ತೆರೆದಿರುವ ಬಚ್ಚಲನ್ನು, ಒಗೆದ ಬಟ್ಟೆ ಹರವಿರುವ ಬಾಲ್ಕನಿಯನ್ನು ಹಾಗೆ ಹಾಗೆಯೇ ತೆಗೆದು ಹಾಕಿರುವವರು ನಿಮ್ಮ ಮನೆಗೂ ಅಷ್ಟೇ ಶ್ರಮ ವಹಿಸುತ್ತಾರೆ.

ಇಂಟರ್‌ನೆಟ್ಟಿನ ವಿಮರ್ಶೆಗಳಲ್ಲಿ ಐದು ನಕ್ಷತ್ರದವುಗಳನ್ನೂ ಒಂದು ನಕ್ಷತ್ರದವುಗಳನ್ನೂ ಬಿಟ್ಟು ಮೂರು ನಕ್ಷತ್ರದವುಗಳನ್ನು ಓದಿದರೆ ಸಾಕು.

ಮಾರುವವರು ಕೇಳಬೇಕಾದದ್ದು

ಮೂವರು ಏಜೆಂಟರು ಮನೆ ನೋಡಿ ಹೋಗುತ್ತಾರೆ. ಇಬ್ಬರು ತೊಂಬತ್ತು ಲಕ್ಷದ ಆಸುಪಾಸಿನ ಬೆಲೆ ಹೇಳುತ್ತಾರೆ, ಮೂರನೆಯವರು ‘ಒಂದು ಕೋಟಿ ಹತ್ತು ಆರಾಮಾಗಿ ಬರುತ್ತೆ’ ಎನ್ನುತ್ತಾರೆ. ಮನಸ್ಸು ಮೂರನೆಯವರ ಕಡೆಗೆ ವಾಲುವುದು ಸಹಜ, ಅವರಿಗೂ ಅದು ಗೊತ್ತು. ಈ ವೃತ್ತಿಯಲ್ಲಿ ಅತಿ ಹಳೆಯ ತಂತ್ರವೇ ಇದು. ಹೆಚ್ಚಿನ ಬೆಲೆ ಹೇಳಿ ಕರಾರಿಗೆ ಸಹಿ ಹಾಕಿಸಿಕೊಳ್ಳುವುದು, ಎರಡು ತಿಂಗಳು ಯಾರೂ ಬಾರದಿದ್ದಾಗ ‘ಮಾರ್ಕೆಟ್ ಸ್ವಲ್ಪ ಡಲ್ ಆಗಿದೆ’ ಎಂದು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಬರುವುದು. ಅಷ್ಟು ಹೊತ್ತಿಗೆ ನಿಮ್ಮ ಮನೆಯ ಜಾಹೀರಾತನ್ನು ಕೊಳ್ಳುವವರೆಲ್ಲರೂ ಹತ್ತಾರು ಬಾರಿ ನೋಡಿ, ಇಷ್ಟು ದಿನವಾದರೂ ಹೋಗದ ಮನೆಯಲ್ಲಿ ಏನೋ ದೋಷವಿರಬೇಕು ಎಂದು ತೀರ್ಮಾನಿಸಿರುತ್ತಾರೆ. ಮೊದಲೇ ತೊಂಬತ್ತೈದು ಎಂದು ಹಾಕಿದ್ದರೆ ತೊಂಬತ್ತೆರಡಕ್ಕೆ ಹೋಗಬಹುದಾಗಿದ್ದ ಮನೆ ಕೊನೆಗೆ ಎಂಬತ್ತೈದಕ್ಕೆ ಹೋಗುವುದು ಹೀಗೆ.

ಆದುದರಿಂದ ಬೆಲೆ ಹೇಳಿದ ತಕ್ಷಣ ಅದಕ್ಕೆ ಆಧಾರವನ್ನು ಕೇಳಬೇಕು. ಕಳೆದ ಆರು ತಿಂಗಳಿಂದ ಒಂದು ವರ್ಷದೊಳಗೆ ಅದೇ ಬಡಾವಣೆಯಲ್ಲಿ, ಹೆಚ್ಚುಕಡಿಮೆ ಅದೇ ಅಳತೆಯ, ಅದೇ ವಯಸ್ಸಿನ ಮೂರರಿಂದ ಐದು ಮನೆಗಳು ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ಅವರು ತೋರಿಸಬೇಕು. ಎಷ್ಟಕ್ಕೆ ಜಾಹೀರಾತಾಗಿದ್ದವು ಎಂಬುದನ್ನಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ಮರೆಸುವುದರಲ್ಲಿಯೇ ಬಹಳಷ್ಟು ಗೊಂದಲ ಹುಟ್ಟುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಈಚೆಗೆ ನಿಮ್ಮ ಕೈಯಲ್ಲಿ ಮಾರಾಟವಾಗದೆ ಉಳಿದ ಮನೆ ಯಾವುದು, ಏಕೆ?’ ಹದಿನೈದು ವರ್ಷ ಈ ಕೆಲಸ ಮಾಡಿದವರಿಗೆ ಅಂಥ ಮನೆ ಇಲ್ಲದಿರಲು ಸಾಧ್ಯವಿಲ್ಲ. ಮೂಲೆಯ ತಿರುವು, ಗಾಳಿಯಿಲ್ಲದ ಅಡುಗೆಮನೆ, ಅಣ್ಣತಮ್ಮಂದಿರ ಸಹಿಯ ತಕರಾರು ಎಂದು ಅವರು ವಿವರಿಸತೊಡಗಿದರೆ, ನೀವು ಕೆಲಸ ಬಲ್ಲವರ ಮುಂದೆ ಕುಳಿತಿದ್ದೀರಿ. ‘ನಮ್ಮ ಹತ್ತಿರ ಬಂದದ್ದು ಯಾವುದೂ ಉಳಿಯಲ್ಲ ಸಾರ್’ ಎಂಬ ಉತ್ತರ ಬಂದರೆ ಕಾಫಿ ಕುಡಿದು ಎದ್ದು ಬರಬಹುದು.

ಮಾತನಾಡಿದವರೇ ಮುಂದಿನ ಕೆಲಸವನ್ನೂ ಮಾಡುತ್ತಾರೆಯೇ, ಅಥವಾ ಸಹಿಯಾದ ಮರುದಿನದಿಂದ ಬೀಗದ ಕೈ ಹಿಡಿದು ಬರುವವರು ಹೊಸ ಹುಡುಗರೇ ಎಂಬುದನ್ನೂ ಆಗಲೇ ಕೇಳಿಬಿಡಿ.

ಕೊಳ್ಳುವವರು ನೋಡಬೇಕಾದದ್ದು

ಕೊಳ್ಳುವವರಿಗೆ ಏಜೆಂಟರ ಗುಣ ತಿಳಿಯುವುದು ಮನೆ ತೋರಿಸುವಾಗ. ನಾನು ಕೊನೆಗೆ ಕೊಂಡ ಮನೆಯನ್ನು ಕೊಡಿಸಿದವರು ಸುಮಾರು ಐವತ್ತು ದಾಟಿದ, ಮಾತು ಕಡಿಮೆಯ ಒಬ್ಬರು. ಅವರು ತೋರಿಸಿದ ಮೊದಲ ಮನೆಯ ಹಾಲ್ ಬಹಳ ಚೆನ್ನಾಗಿತ್ತು. ನಾನು ಕಿಟಕಿಯ ಹತ್ತಿರ ನಿಂತು ಮೆಚ್ಚಿಕೊಳ್ಳುತ್ತಿರುವಾಗ ಅವರು ನೇರವಾಗಿ ಬಚ್ಚಲಿಗೆ ಹೋಗಿ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ಫ್ಲಶ್ ಒತ್ತಿ, ಕೈಗಡಿಯಾರ ನೋಡುತ್ತಾ ನಿಂತರು. ಆಮೇಲೆ ಮಲಗುವ ಕೋಣೆಯ ಬೀರುವನ್ನು ಒಂದು ಗೇಣು ಸರಿಸಿ, ಹಿಂದಿನ ಗೋಡೆಗೆ ಅಂಗೈ ಒತ್ತಿ ಹಿಡಿದು, ‘ಇಲ್ಲಿ ಮುಟ್ಟಿ ನೋಡಿ’ ಎಂದರು. ಹೊಸ ಬಣ್ಣದ ಕೆಳಗೆ ಗೋಡೆ ತಣ್ಣಗೆ, ಒದ್ದೆ ಹಿಟ್ಟಿನಂತೆ ಮೆತ್ತಗಿತ್ತು. ‘ಬೇಡ ಬಿಡಿ, ಇನ್ನೊಂದು ನೋಡೋಣ’ ಎಂದು ಅವರೇ ಬೀಗ ಹಾಕಿದರು. ಆ ‘ಬೇಡ’ದಿಂದ ಅವರಿಗೆ ಒಂದು ಕಮಿಷನ್ ತಪ್ಪಿಹೋಯಿತು. ಏಜೆಂಟರನ್ನು ಅಳೆಯಲು ನನ್ನ ಬಳಿಯಿರುವ ಅಳತೆಗೋಲು ಅಂದಿನಿಂದ ಇದೇ ಆಗಿದೆ: ಮೊದಲ ನಾಲ್ಕೈದು ಮನೆಗಳಲ್ಲಿ ಒಂದನ್ನಾದರೂ ಅವರಾಗಿ ಬೇಡವೆಂದರೇ?

ನೀವು ಹೇಳಿದ್ದನ್ನು ಅವರು ಎಷ್ಟು ಕೇಳಿಸಿಕೊಂಡಿದ್ದಾರೆ ಎಂಬುದೂ ಬೇಗ ಗೊತ್ತಾಗುತ್ತದೆ. ಮೊಣಕಾಲು ನೋವಿನ ತಾಯಿಗೆ ನೆಲಮಹಡಿಯೇ ಬೇಕೆಂದು ಹೇಳಿದ್ದರೂ ‘ಒಮ್ಮೆ ನೋಡಿ ಬಿಡಿ, ನೋಟ ಚೆನ್ನಾಗಿದೆ’ ಎಂದು ಮೂರನೆಯ ಮಹಡಿಗೆ ಹತ್ತಿಸುವವರು ತಮ್ಮ ಕೈಯಲ್ಲಿರುವುದನ್ನು ಖಾಲಿ ಮಾಡಲು ಹೊರಟವರು. ಮಳೆ ಬಂದ ಮರುದಿನ, ರಾತ್ರಿ ಒಂಬತ್ತರ ಮೇಲೆ, ರಜಾದಿನದ ಬೆಳಿಗ್ಗೆ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ನೋಡಬೇಕೆಂದಾಗ ಸಬೂಬು ಹೇಳುವವರನ್ನೂ, ‘ಇವತ್ತು ಸಂಜೆ ಇನ್ನೊಂದು ಪಾರ್ಟಿ ಅಡ್ವಾನ್ಸ್ ಕೊಡೋಕೆ ಬರ್ತಿದೆ’ ಎಂದು ಮೂರು ಮನೆಗಳಲ್ಲಿ ಮೂರು ಸಲ ಹೇಳುವವರನ್ನೂ ಬಿಟ್ಟುಬಿಡುವುದು ಕ್ಷೇಮ. ಮಾರಾಟಕ್ಕಿರುವ ಆಸ್ತಿಯಲ್ಲಿ ಏಜೆಂಟರಿಗೋ ಅವರ ಮನೆಯವರಿಗೋ ಪಾಲಿದೆಯೇ ಎಂದೂ ಕೇಳಬೇಕು. ಬ್ರಿಟನ್ನಿನ 1979ರ ಎಸ್ಟೇಟ್ ಏಜೆಂಟರ ಕಾಯಿದೆಯ ಪ್ರಕಾರ ಇಂಥ ಸ್ವಂತ ಹಿತಾಸಕ್ತಿಯನ್ನು ಅವರು ಮಾತುಕತೆಗೆ ಮುನ್ನವೇ ತಿಳಿಸಬೇಕು. ಬೇರೆಡೆಗಳಲ್ಲಿ ಅದು ಬಹಳ ಸಲ ಬೆಳಕಿಗೆ ಬರುವುದು ನೋಂದಣಿಯ ದಿನ, ಕಾಗದದಲ್ಲಿ ಹೆಸರು ಕಂಡಾಗ.

ಕರಾರು

ಬಾಯಿಮಾತಿನ ಒಪ್ಪಂದ ಎಲ್ಲವೂ ಸರಿಯಾಗಿ ನಡೆಯುವವರೆಗೆ ಮಾತ್ರ ಒಪ್ಪಂದ. ಎರಡು ಪುಟದ ಸರಳ ಕರಾರಾದರೂ ಇರಲಿ, ಅದರಲ್ಲಿ ಕಮಿಷನ್ ಎಷ್ಟು ಎಂಬುದರ ಜೊತೆಗೆ ಅದು ಯಾವಾಗ ಸಲ್ಲುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆಸಬೇಕು. ಮುಂಗಡ ಕೈಬದಲಾದ ದಿನವೇ ಪೂರ್ತಿ ಕಮಿಷನ್ ಎಂದಿದ್ದರೆ, ಆಮೇಲೆ ಕಾಗದಪತ್ರದಲ್ಲಿ ತೊಡಕು ಕಂಡು ವ್ಯವಹಾರ ಮುರಿದುಬಿದ್ದರೂ ಆ ಹಣ ಹೋದಂತೆಯೇ. ನೋಂದಣಿಯ ದಿನ ಕೊಡುವುದು ಉತ್ತಮ. ಒಂದು ಭಾಗವನ್ನು ಮಾರಾಟದ ಕರಾರಿನ ಹೊತ್ತಿಗೆ ಕೇಳಿದರೆ ಅದು ಸಣ್ಣದಾಗಿರಲಿ, ಮುರಿದುಬಿದ್ದರೆ ಹಿಂತಿರುಗಿಸಬೇಕೆಂಬ ಸಾಲೂ ಇರಲಿ. ತೆರಿಗೆ ಸೇರಿದೆಯೇ, ಜಾಹೀರಾತಿನ ಖರ್ಚು ಯಾರದು ಎಂಬ ಎರಡು ವಿಷಯಗಳಲ್ಲಿ ಕೊನೆಯ ಗಳಿಗೆಯ ಜಗಳಗಳು ಹೆಚ್ಚು.

ಮಾರುವವರು ಒಬ್ಬರಿಗೇ ಕೊಡಬೇಕೇ, ಹಲವರಿಗೆ ಕೊಡಬೇಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆರು ಜನರಿಗೆ ಹೇಳಿದರೆ ಯಾರೂ ಮನಸ್ಸಿಟ್ಟು ದುಡಿಯುವುದಿಲ್ಲ, ಏಕೆಂದರೆ ತಮ್ಮ ಖರ್ಚಿನ ಫಲವನ್ನು ಬೇರೆಯವರು ಉಣ್ಣುವ ಸಂಭವ ಹೆಚ್ಚು. ಅದೂ ಅಲ್ಲದೆ ಒಂದೇ ಮನೆ ಆರು ಬೆಲೆಗಳಲ್ಲಿ ಜಾಹೀರಾತಾಗಿ ಕೊಳ್ಳುವವರ ಕಣ್ಣಿಗೆ ಅಗ್ಗವಾಗುತ್ತದೆ. ಒಬ್ಬರಿಗೇ ಕೊಟ್ಟರೆ ಅವರು ಮಲಗಿಬಿಡುವ ಅಪಾಯವಿದೆ. ಚಟುವಟಿಕೆಯಿರುವ ಪ್ರದೇಶದಲ್ಲಿ ಒಳ್ಳೆಯ ಏಜೆಂಟರೊಬ್ಬರಿಗೆ ಎರಡು ಅಥವಾ ಮೂರು ತಿಂಗಳ ಅವಧಿಗೆ ಮಾತ್ರ ಕೊಟ್ಟು, ಎರಡು ವಾರಕ್ಕೊಮ್ಮೆ ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ನೋಡಿದರು, ಬೇಡವೆಂದವರು ಏಕೆ ಬೇಡವೆಂದರು ಎಂಬ ವರದಿ ಕೊಡಬೇಕೆಂದು ಬರೆಸುವುದು ನನ್ನ ಆಯ್ಕೆ. ಇಲ್ಲಿ ಒಂದು ಸೂಕ್ಷ್ಮವಿದೆ. ಬೇರೆ ಏಜೆಂಟರನ್ನು ನೇಮಿಸುವುದಿಲ್ಲ ಎಂದು ಒಪ್ಪುವುದು ಒಂದು; ಮಾರಾಟದ ಸಂಪೂರ್ಣ ಹಕ್ಕನ್ನು ಕೊಡುವುದು ಇನ್ನೊಂದು. ಎರಡನೆಯದಕ್ಕೆ ಸಹಿ ಹಾಕಿದರೆ, ನಿಮ್ಮ ಪಕ್ಕದ ಮನೆಯವರೇ ಬಂದು ನಿಮ್ಮಿಂದ ನೇರವಾಗಿ ಕೊಂಡರೂ ಏಜೆಂಟರಿಗೆ ಕಮಿಷನ್ ಸಲ್ಲುತ್ತದೆ. ಹೆಸರುಗಳು ಒಂದೇ ತೆರನಾಗಿ ಕೇಳಿಸುವುದರಿಂದ, ‘ನಾನೇ ಗಿರಾಕಿಯನ್ನು ಹುಡುಕಿಕೊಂಡರೆ ಕಮಿಷನ್ ಇಲ್ಲ’ ಎಂಬ ವಾಕ್ಯವನ್ನೇ ಬರೆಸಿಬಿಡುವುದು ಸರಿ.

ಅವಧಿ ಮುಗಿದ ಮೇಲಿನ ಷರತ್ತನ್ನು ಯಾರೂ ಓದುವುದಿಲ್ಲ. ಕರಾರು ಮುಗಿದು ಇಷ್ಟು ತಿಂಗಳೊಳಗೆ, ಏಜೆಂಟರು ಪರಿಚಯಿಸಿದವರೇ ಕೊಂಡರೆ ಕಮಿಷನ್ ಸಲ್ಲುತ್ತದೆ ಎಂಬುದು ನ್ಯಾಯವಾದ ಷರತ್ತು. ಅವರ ಶ್ರಮವನ್ನು ಬಳಸಿಕೊಂಡು ಬೆನ್ನ ಹಿಂದೆ ಮಾರಿಬಿಡುವವರೂ ಇದ್ದಾರೆ. ಆದರೆ ಆ ಅವಧಿ ಮೂರು ತಿಂಗಳನ್ನು ಮೀರದಿರಲಿ, ಮತ್ತು ಅದು ಕರಾರು ಮುಗಿದ ದಿನ ಅವರು ಹೆಸರು ಹೆಸರಾಗಿ ಪಟ್ಟಿ ಮಾಡಿ ಕೊಟ್ಟವರಿಗೆ ಮಾತ್ರ ಅನ್ವಯಿಸಲಿ.

ಹಣ ಮತ್ತು ಕಾಗದಪತ್ರ

ಆಸ್ತಿಯ ಹಣ ಏಜೆಂಟರ ಕೈ ಹಾಯ್ದು ಹೋಗಬಾರದು. ಟೋಕನ್ ಆಗಲಿ ಮುಂಗಡವಾಗಲಿ, ಮಾಲೀಕರ ಹೆಸರಿನ ಬ್ಯಾಂಕ್ ಖಾತೆಗೆ ನೇರವಾಗಿ ಅಥವಾ ಕಾನೂನು ಗೊತ್ತುಮಾಡಿದ ಪ್ರತ್ಯೇಕ ಖಾತೆಗೆ ಹೋಗಬೇಕು. ಏಜೆಂಟರಿಗೆ ಸಲ್ಲುವ ಹಣಕ್ಕೆ ಬೇರೆ ರಸೀದಿ. ಮೂಲ ಕ್ರಯಪತ್ರವನ್ನು ‘ಪಾರ್ಟಿಗೆ ತೋರಿಸಿ ತರುತ್ತೇನೆ’ ಎಂದು ಕೇಳಿದರೆ ಜೆರಾಕ್ಸ್ ಪ್ರತಿಯನ್ನು, ಅದರ ಮೇಲೆ ಅಡ್ಡಲಾಗಿ ಉದ್ದೇಶವನ್ನೂ ದಿನಾಂಕವನ್ನೂ ಬರೆದು ಕೊಡಿ. ನೋಂದಣಿಯಲ್ಲಿ ಬೆಲೆ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ಸಲಹೆ ಏಜೆಂಟರ ಬಾಯಿಂದಲೇ ಬಂದರೆ, ತೆರಿಗೆ ಇಲಾಖೆಯ ಮಾತು ಹಾಗಿರಲಿ, ಕಾನೂನನ್ನು ತಪ್ಪಿಸುವುದು ತಮಗೆ ಅಭ್ಯಾಸವಾಗಿದೆ ಎಂದು ಅವರೇ ಹೇಳಿಕೊಂಡಂತಾಯಿತು.

ಏಜೆಂಟರು ವಕೀಲರಲ್ಲ. ‘ಎಲ್ಲಾ ಕ್ಲಿಯರ್ ಇದೆ’ ಎಂಬ ಅವರ ಮಾತು ಅಭಿಪ್ರಾಯವೇ ಹೊರತು ಪರಿಶೀಲನೆಯಲ್ಲ. ಹಕ್ಕಿನ ದಾಖಲೆ, ಋಣಭಾರ, ಕಟ್ಟಡದ ಅನುಮತಿಗಳನ್ನು ನೋಡಲು ನೀವೇ ಗೊತ್ತುಮಾಡಿ ನೀವೇ ಶುಲ್ಕ ಕೊಡುವ ವಕೀಲರು ಬೇಕು. ಏಜೆಂಟರೇ ಸೂಚಿಸಿದ ವಕೀಲರು, ಅವರೇ ಸೂಚಿಸಿದ ಬ್ಯಾಂಕಿನ ಪ್ರತಿನಿಧಿ, ಅವರೇ ಸೂಚಿಸಿದ ಎಂಜಿನಿಯರ್ ಇಷ್ಟೂ ಜನ ಒಂದೇ ಮೇಜಿನ ಸುತ್ತ ಕುಳಿತರೆ, ವ್ಯವಹಾರ ನಿಂತುಹೋಗಬೇಕೆಂದು ಹೇಳುವ ಆಸಕ್ತಿ ಅಲ್ಲಿ ಯಾರಿಗೂ ಇರುವುದಿಲ್ಲ. ಸ್ವತಂತ್ರ ವಕೀಲರನ್ನು ನೇಮಿಸುತ್ತೇನೆಂದಾಗ ಒಳ್ಳೆಯ ಏಜೆಂಟರ ಮುಖದಲ್ಲಿ ನಿರಾಳತೆ ಕಾಣುತ್ತದೆ, ಏಕೆಂದರೆ ಮುಂದೆ ತಕರಾರು ಬಂದಾಗ ಬೊಟ್ಟು ಅವರ ಕಡೆಗೆ ತಿರುಗುವುದಿಲ್ಲ.

ಇಷ್ಟೆಲ್ಲ ನೋಡಿ ಆರಿಸಿದ ಮೇಲೂ ಆಯ್ಕೆ ತಪ್ಪಬಹುದು. ಫೋನಿಗೆ ಉತ್ತರ ಬರುವುದು ನಿಂತು, ವರದಿ ಎರಡು ಸಲ ತಪ್ಪಿದರೆ, ಮೂರನೆಯ ಸಲಕ್ಕೆ ಕಾಯದೆ ಕರಾರಿನಲ್ಲಿರುವ ನೋಟಿಸಿನ ಅವಧಿಯನ್ನು ನೋಡಿ ಬರಹದಲ್ಲಿ ತಿಳಿಸಿ. ಈಮೇಲ್ ಸಾಕು, ಜಗಳ ಬೇಕಾಗಿಲ್ಲ. ಅದೇ ಪತ್ರದಲ್ಲಿ ಮನೆ ನೋಡಿದವರ ಪಟ್ಟಿಯನ್ನು ಕೇಳಿ, ಜಾಹೀರಾತುಗಳನ್ನು ತೆಗೆಸಲು ದಿನ ಗೊತ್ತುಮಾಡಿ, ಒಂದು ವಾರದ ನಂತರ ಅವು ನಿಜವಾಗಿಯೂ ಹೋಗಿವೆಯೇ ಎಂದು ನೀವೇ ಹುಡುಕಿ ನೋಡಿ. ಬೀಗದ ಕೈಗಳನ್ನು ಎಣಿಸಿ ಹಿಂದಕ್ಕೆ ತೆಗೆದುಕೊಳ್ಳಿ. ಕೊಟ್ಟದ್ದು ಎಷ್ಟೆಂದು ನೆನಪಿಲ್ಲದಿದ್ದರೆ ಬೀಗವನ್ನೇ ಬದಲಾಯಿಸಿ.